ಕೆಸುವಿನ ಎಲೆಯೂ ಮೊಬೈಲಿನ ಕಣ್ಣೂ

ಮುಂಬಯಿಯಲ್ಲಿ ಮಳೆ ಹಿಡಿದುಕೊಂಡಿತೆಂದರೆ ನಮ್ಮ ಮನೆಯಲ್ಲಿ ಎರಡು ಮಾತು ತಪ್ಪದೆ ಬರುತ್ತವೆ. ಒಂದು, ಸೆಂಟ್ರಲ್ ಲೈನಿನ ಲೋಕಲ್ಲು ಓಡುತ್ತಿದೆಯೋ ನಿಂತಿದೆಯೋ ಎಂಬುದು. ಇನ್ನೊಂದು, ಪತ್ರೊಡೆ. ಊರು ಬಿಟ್ಟು ನಲವತ್ತು ವರ್ಷದ ಮೇಲಾಯಿತು. ಡೊಂಬಿವಲಿಯ ರೇಷನ್ ಕಾರ್ಡು, ಮರಾಠಿ ನೆರೆಹೊರೆ, ಮಕ್ಕಳ ಮದುವೆ ಎಲ್ಲ ಇಲ್ಲೇ ಆಯಿತು. ಆದರೂ ಆಟಿ ತಿಂಗಳು ಬಂತೆಂದರೆ ನಾಲಗೆಗೆ ಮಾತ್ರ ಉಡುಪಿ ಕಡೆಯ ವಿಳಾಸವೇ.

ಹೋದ ಮಳೆಗಾಲದ ಒಂದು ಭಾನುವಾರ ನನ್ನ ಮೊಮ್ಮಗಳು ರೈಲ್ವೆ ಹಳಿಯ ಪಕ್ಕದ ಖಾಲಿ ಜಾಗದಿಂದ ಐದಾರು ದೊಡ್ಡ ಎಲೆ ಕಿತ್ತು ತಂದಳು. "ಅಜ್ಜೀ, ಪತ್ರೊಡೆ ಮಾಡು" ಎಂದಳು. ಎಲೆ ಯಾವುದೆಂದು ಆಗಲೇ ಮೊಬೈಲಿನಲ್ಲಿ ನೋಡಿಕೊಂಡು ಬಂದಿದ್ದಳು. ಫೋಟೋ ಹಿಡಿದರೆ ಸಾಕು, ಫೋನು ಹೆಸರು ಹೇಳುತ್ತದಲ್ಲ! ಮೊದಲನೇ ಫೋಟೋಕ್ಕೆ ಕೊಲೊಕೇಶಿಯ ಎಂದಿತಂತೆ, ಅಂದರೆ ನಮ್ಮ ಕೆಸು. ನನಗೆ ಕುತೂಹಲವಾಗಿ ಅದೇ ಎಲೆಯನ್ನು ಸ್ವಲ್ಪ ಓರೆಯಾಗಿ ಹಿಡಿದು ಮತ್ತೊಂದು ಫೋಟೋ ತೆಗೆಸಿದೆ. ಈಗ ಅಲೊಕೇಶಿಯ ಎಂದಿತು. ಟ್ಯೂಬ್‌ಲೈಟಿನ ಕೆಳಗೆ ಇಟ್ಟಾಗ ಕೆಲೇಡಿಯಂ! ಒಂದೇ ಎಲೆ, ಮೂರು ಹೆಸರು.

ನನ್ನ ಹೆಂಡತಿ ಇದ್ಯಾವುದನ್ನೂ ನೋಡಲಿಲ್ಲ. ಎಲೆಯನ್ನು ಮಗುಚಿ ಹಾಕಿ ದಂಟು ಸೇರುವ ಜಾಗ ನೋಡಿದಳು. "ಎಲ್ಲಿಂದ ಕಿತ್ತೆ? ಅಲ್ಲಿ ಎಂಥ ನೀರು ಹರಿಯುತ್ತದೆ?" ಎಂದು ಕೇಳಿದಳು. ಆಮೇಲೆ ಅಷ್ಟನ್ನೂ ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡಳು.

ಕೆಸುವಿನ ಜಾತಿಯ ಗಿಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಗಂಟಲು ತುರಿಸುವುದು ಅದರಿಂದಲೇ. ತಿನ್ನುವ ಕೆಸುವಿಗೂ ಹುಣಿಸೆಹಣ್ಣು ಧಾರಾಳ ಹಾಕಿ ಚೆನ್ನಾಗಿ ಬೇಯಿಸಬೇಕು. ತಿನ್ನಬಾರದ್ದನ್ನು ತಿಂದರೆ ಬಾಯಿ ಗಂಟಲು ಊದಿಕೊಂಡು ಆಸ್ಪತ್ರೆಯ ದಾರಿ ಹಿಡಿಯಬೇಕಾದೀತು. ಹಾಗಾಗಿ ಇದು ಬರೀ ತಮಾಷೆಯ ವಿಷಯ ಅಲ್ಲ ಮಾರಾಯ್ರೆ.

ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳು ಕೇಳಿದಳು: "ಅಜ್ಜಾ, ಫೋನಿಗೆ ಕಣ್ಣು ಬಂದದ್ದು ಯಾವಾಗ?" ನಾನು ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದು ನಿವೃತ್ತನಾದವನು. ಓದುವ ಚಟ ಇನ್ನೂ ಇದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು ಒಂದು ಬೇಸಿಗೆ ರಜೆಯ ಕೆಲಸದಿಂದ. 1966ರ ಜುಲೈನಲ್ಲಿ ಅಮೆರಿಕದ ಎಂಐಟಿಯಲ್ಲಿ ಸೈಮೂರ್ ಪ್ಯಾಪರ್ಟ್ ಎಂಬ ಗಣಿತಜ್ಞ ಒಂದು ಟಿಪ್ಪಣಿ ಬರೆದ. ಬೇಸಿಗೆಗೆ ಬರುವ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಕಂಪ್ಯೂಟರಿಗೆ ನೋಡುವ ಶಕ್ತಿಯ ಒಂದು ದೊಡ್ಡ ಭಾಗವನ್ನು ಕೊಡಿಸೋಣ ಎಂಬುದು ಅದರ ಸಾರಾಂಶ. ಮೊದಲು ಚಿತ್ರದಲ್ಲಿ ವಸ್ತು ಯಾವುದು ಹಿನ್ನೆಲೆ ಯಾವುದು ಎಂದು ಬೇರ್ಪಡಿಸುವುದು, ಆಮೇಲೆ ಚೆಂಡು, ಇಟ್ಟಿಗೆ, ಸಿಲಿಂಡರ್ ಎಂದು ಹೆಸರು ಹೇಳುವುದು. ಒಂದು ಬೇಸಿಗೆಯ ಕೆಲಸ! ಅದು ಮುಗಿಯಲಿಕ್ಕೆ ಐವತ್ತು ಬೇಸಿಗೆ ಬೇಕಾಯಿತು ಅಂದರೂ ನಡೆದೀತು.

ಪ್ಯಾಪರ್ಟ್ ದಡ್ಡನೇನಲ್ಲ. ನೋಡುವುದು ಸುಲಭ ಎಂದು ನಮಗೆಲ್ಲರಿಗೂ ಅನ್ನಿಸುತ್ತದೆ, ಏಕೆಂದರೆ ಆ ಕೆಲಸ ನಮಗೆ ಗೊತ್ತಾಗದ ಹಾಗೆ ನಡೆದುಹೋಗುತ್ತದೆ. ಚದುರಂಗ ಕಷ್ಟ, ಲೆಕ್ಕ ಕಷ್ಟ, ಅಮ್ಮನ ಮುಖ ಗುರುತಿಸುವುದು ಸುಲಭ ಎಂದುಕೊಳ್ಳುತ್ತೇವೆ. ಯಂತ್ರಕ್ಕೆ ಇದು ತಿರುವುಮುರುವು. ಅದಕ್ಕೆ ಫೋಟೋ ಎಂದರೆ ಅಂಕಿಗಳ ಒಂದು ದೊಡ್ಡ ಚೌಕ, ಅಷ್ಟೇ. ದೀಪ ಆರಿಸಿದರೆ ಅಂಕಿಗಳೆಲ್ಲ ಬದಲು. ಎಲೆಯನ್ನು ಒಂದು ಬೆರಳಿನಷ್ಟು ತಿರುಗಿಸಿದರೆ ಮತ್ತೆ ಬದಲು. ಬದಲಾಗದೆ ಉಳಿಯುವುದು ಯಾವುದು? ಇಡೀ ಚರಿತ್ರೆ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ.

ವ್ಯಾಪಾರಿಗಳಿಗೆ ಅಷ್ಟು ಕಾಯಲು ಪುರುಸೊತ್ತು ಎಲ್ಲಿ? ಅವರು ಅಡ್ಡದಾರಿ ಹಿಡಿದರು. ವಸ್ತುವನ್ನು ಯಂತ್ರ ಗುರುತಿಸದಿದ್ದರೆ ಬೇಡ, ವಸ್ತುವಿನ ಮೈಮೇಲೆ ನಾವೇ ಒಂದು ಗುರುತಿನ ಚೀಟಿ ಅಂಟಿಸೋಣ. ಅದೇ ಬಾರ್‌ಕೋಡ್. ಜೋಸೆಫ್ ವುಡ್‌ಲ್ಯಾಂಡ್ ಎಂಬಾತ ಮಯಾಮಿಯ ಕಡಲ ತೀರದಲ್ಲಿ ಕೂತು ಮರಳಿನಲ್ಲಿ ಬೆರಳಾಡಿಸುತ್ತ, ಮೋರ್ಸ್ ಸಂಕೇತದ ಚುಕ್ಕೆ ಗೀಟುಗಳನ್ನು ಕೆಳಕ್ಕೆ ಎಳೆದು ಗೆರೆಗಳನ್ನಾಗಿ ಮಾಡಿದ. ಅದಕ್ಕೆ 1952ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಈಗಿನ ಬಾರ್‌ಕೋಡ್ ಮೊದಲ ಬಾರಿ ಓದಿಸಿಕೊಂಡದ್ದು 1974ರ ಜೂನ್ 26ರಂದು, ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಮಾರಾಟವಾದದ್ದು ಒಂದು ಚೂಯಿಂಗ್ ಗಮ್ ಪೊಟ್ಟಣ.

ಅದರ ತಮ್ಮ ಕ್ಯೂಆರ್ ಕೋಡ್. ಜಪಾನಿನಲ್ಲಿ ಟೊಯೊಟಾ ಬಳಗದ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಎಂಬ ಇಂಜಿನಿಯರ್ 1994ರಲ್ಲಿ ಮಾಡಿದ್ದು. ಮೋಟಾರಿನ ಬಿಡಿಭಾಗಗಳ ಲೆಕ್ಕ ಇಡಲು ಬಾರ್‌ಕೋಡು ಸಾಲದಾಗಿತ್ತು. ಕಪ್ಪು ಬಿಳುಪು ಕಾಯಿಗಳ ಗೋ ಆಟ ನೋಡಿ ಹಾರಾನಿಗೆ ಚೌಕದ ಉಪಾಯ ಹೊಳೆಯಿತಂತೆ. ಮೂರು ಮೂಲೆಯಲ್ಲಿ ಮೂರು ಚೌಕದ ಕಣ್ಣುಗಳಿವೆ ನೋಡಿ, ಅದರ ಗುಟ್ಟು ಸೊಗಸಾಗಿದೆ. ಆ ಕಣ್ಣಿನ ನಡುವಿನಿಂದ ಯಾವ ದಿಕ್ಕಿಗೆ ಗೆರೆ ಎಳೆದರೂ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು 1:1:3:1:1 ಎಂಬ ಪ್ರಮಾಣದಲ್ಲೇ ಸಿಗುತ್ತವೆ. ಅಚ್ಚಾದ ಕಾಗದಗಳಲ್ಲಿ ತೀರಾ ಅಪರೂಪವಾದ ಪ್ರಮಾಣ ಯಾವುದೆಂದು ಹುಡುಕಿ ಹುಡುಕಿ ಅವರು ಇದನ್ನು ಆರಿಸಿದರು. ಹಾಗಾಗಿ ತಲೆಕೆಳಗಾಗಿ ಹಿಡಿದರೂ ಯಂತ್ರಕ್ಕೆ ಗುರುತು ತಪ್ಪುವುದಿಲ್ಲ. ಪೇಟೆಂಟ್ ಕೈಯಲ್ಲಿದ್ದರೂ ಕಂಪನಿ ಅದರ ಹಕ್ಕು ಚಲಾಯಿಸದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಇವತ್ತು ನಮ್ಮ ಸ್ಟೇಷನ್ ಎದುರಿನ ವಡಾಪಾವ್ ಗಾಡಿಯಲ್ಲಿ ನೇತಾಡುವ ಚೌಕ ಅದೇ.

ಈ ನಡುವೆ ಫೋನಿಗೆ ಕ್ಯಾಮೆರಾ ಬಂತು. 2000ದ ನವೆಂಬರ್‌ನಲ್ಲಿ ಜಪಾನಿನಲ್ಲಿ ಶಾರ್ಪ್ ಕಂಪನಿಯ ಜೆ-ಎಸ್‌ಎಚ್04 ಎಂಬ ಫೋನು ಮಾರಾಟಕ್ಕೆ ಬಂದಿತು. ಅದರ ಕ್ಯಾಮೆರಾದ ಶಕ್ತಿ 1 ಲಕ್ಷ 10 ಸಾವಿರ ಬಿಂದು. ಈಗಿನ ಸಾಧಾರಣ ಫೋನಿನಲ್ಲಿ ಅದರ ನೂರು ಪಟ್ಟು ಇರುತ್ತದೆ. ಆದರೂ ಒಂದು ಸಂಗತಿ ಗಮನಿಸಿ. ಕ್ಯಾಮೆರಾ, ಕಂಪ್ಯೂಟರ್, ತಂತಿ ಮೂರೂ ಒಂದೇ ಕಿಸೆಯಲ್ಲಿ ಕೂತದ್ದು ಆಗ. ಕೆಲವೇ ವರ್ಷಗಳಲ್ಲಿ ಜಪಾನೀಯರು ಫೋನಿನಿಂದಲೇ ಕ್ಯೂಆರ್ ಓದತೊಡಗಿದರು.

ಆದರೆ ಚೀಟಿ ಓದುವುದು ನೋಡಿದ ಹಾಗಲ್ಲ. ಕೆಸುವಿನ ಎಲೆಗೆ ಯಾರೂ ಬಾರ್‌ಕೋಡ್ ಅಂಟಿಸಿಲ್ಲ.

ಚೀಟಿ ಇಲ್ಲದ ವಸ್ತುವನ್ನು ಗುರುತಿಸುವುದಕ್ಕೆ ಒಂದು ಒಳ್ಳೆಯ ದಾರಿ ತೋರಿಸಿದವನು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಲೋವ್. ಅವನ ವಿಧಾನಕ್ಕೆ ಸಿಫ್ಟ್ ಎಂದು ಹೆಸರು. 1999ರಲ್ಲಿ ಪ್ರಕಟವಾಯಿತು, 2004ರಲ್ಲಿ ಪೂರ್ಣ ರೂಪ ಪಡೆಯಿತು. ಅದರ ಹಿಂದಿನ ರೂಪಗಳನ್ನು ಎರಡು ದೊಡ್ಡ ಸಮ್ಮೇಳನಗಳು ತಿರಸ್ಕರಿಸಿದ್ದವು ಎಂಬುದು ಬರೆಯುವ ನಮ್ಮಂಥವರಿಗೆ ಒಂದು ಸಮಾಧಾನ.

ಅವನ ಉಪಾಯ ಹೀಗಿದೆ. ಇಡೀ ಚಿತ್ರವನ್ನು ಹೋಲಿಸಲು ಹೋಗಬೇಡಿ. ಎಲ್ಲಿಂದ ನೋಡಿದರೂ ಎದ್ದು ಕಾಣುವ ಚಿಕ್ಕ ಚಿಕ್ಕ ಜಾಗಗಳನ್ನು ಮಾತ್ರ ಹುಡುಕಿ. ಅದಕ್ಕೆ ಚಿತ್ರವನ್ನು ಹಂತ ಹಂತವಾಗಿ ಮಸುಕು ಮಾಡುತ್ತಾ ಹೋಗಬೇಕು. ಒಂದು ಮಸುಕಿಗೂ ಮುಂದಿನ ಮಸುಕಿಗೂ ಇರುವ ವ್ಯತ್ಯಾಸದಲ್ಲಿ ಯಾವ ಬಿಂದು ಅಕ್ಕಪಕ್ಕದ ಎಲ್ಲಕ್ಕಿಂತ ಎದ್ದು ನಿಲ್ಲುತ್ತದೋ ಅದನ್ನು ಹಿಡಿದಿಟ್ಟುಕೊಳ್ಳಬೇಕು. ಆ ಬಿಂದುವಿನ ಸುತ್ತ ಬೆಳಕು ಯಾವ ದಿಕ್ಕಿಗೆ ಹೆಚ್ಚುತ್ತದೆ ಎಂದು ನೋಡಿ, ಆ ದಿಕ್ಕನ್ನು 'ಮೇಲೆ' ಎಂದು ಇಟ್ಟುಕೊಳ್ಳಬೇಕು. ಆಗ ಫೋಟೋ ಎಷ್ಟು ತಿರುಗಿದ್ದರೂ ತೊಂದರೆ ಇಲ್ಲ. ಸುತ್ತಲ ಜಾಗವನ್ನು ನಾಲ್ಕು ನಾಲ್ಕಲ ಹದಿನಾರು ಮನೆ ಮಾಡಿ, ಪ್ರತಿ ಮನೆಯಲ್ಲಿ ಎಂಟು ದಿಕ್ಕಿನ ಲೆಕ್ಕ ಬರೆದರೆ 128 ಅಂಕಿಗಳಾಗುತ್ತವೆ. ಆ 128 ಅಂಕಿ ಆ ಬಿಂದುವಿನ ಜಾತಕ ಎನ್ನಿ. ಒಂದು ಫೋಟೋದಲ್ಲಿ ಇಂಥ ನೂರಾರು ಸಾವಿರಾರು ಜಾತಕ. ಎರಡು ಫೋಟೋಗಳ ಜಾತಕಗಳು ಸಾಕಷ್ಟು ಕೂಡಿಬಂದರೆ, ಜೊತೆಗೆ ಬಿಂದುಗಳ ಪರಸ್ಪರ ಜಾಗವೂ ತಾಳೆಯಾದರೆ, ವಸ್ತು ಒಂದೇ.

ಕೋಟ್ಯಂತರ ಚಿತ್ರಗಳ ಜೊತೆ ಒಂದೊಂದಾಗಿ ಜಾತಕ ನೋಡುತ್ತಾ ಕೂತರೆ ಮುಹೂರ್ತ ಮೀರಿಹೋಗುತ್ತದೆ. ಅದಕ್ಕೆ ಪರಿಹಾರ ಆಕ್ಸ್‌ಫರ್ಡಿನಿಂದ ಬಂತು. 2003ರಲ್ಲಿ ಜೋಸೆಫ್ ಸಿವಿಕ್ ಮತ್ತು ಆಂಡ್ರ್ಯೂ ಜಿಸ್ಸರ್‌ಮನ್ ಎಂಬವರು ಪುಸ್ತಕದ ಕೊನೆಯ ಪದಸೂಚಿಯ ತಂತ್ರವನ್ನೇ ಚಿತ್ರಕ್ಕೂ ತಂದರು. ಒಂದೇ ತೆರನ ಜಾತಕಗಳನ್ನೆಲ್ಲ ಗುಂಪು ಮಾಡಿ ಪ್ರತಿ ಗುಂಪನ್ನು ಒಂದು 'ಶಬ್ದ' ಎಂದು ಕರೆದರು. ಯಾವ ಶಬ್ದ ಯಾವ ಚಿತ್ರದಲ್ಲಿದೆ ಎಂದು ಮೊದಲೇ ಪಟ್ಟಿ ಮಾಡಿಟ್ಟರು. ಸಿನಿಮಾದ ಒಂದು ದೃಶ್ಯದಲ್ಲಿ ಒಂದು ವಸ್ತುವನ್ನು ಗುರುತು ಹಾಕಿ ತೋರಿಸಿದರೆ, ಇಡೀ ಸಿನಿಮಾದಲ್ಲಿ ಅದು ಎಲ್ಲೆಲ್ಲಿ ಬರುತ್ತದೆ ಎಂದು ಕ್ಷಣದಲ್ಲಿ ಹುಡುಕಿ ಕೊಟ್ಟರು. ನಮ್ಮ ಹಳೆಯ ಲೈಬ್ರರಿಯ ಕಾರ್ಡು ಡಬ್ಬಿಗಳ ತತ್ವವೇ ಅದು.

ಈ ಎರಡು ವಿಚಾರ ಕೂಡಿದ ಮೇಲೆ ಫೋನಿಗೆ ಬರಲು ತಡವಾಗಲಿಲ್ಲ. 2008ರಲ್ಲಿ ಟೊರಾಂಟೊದಿಂದ ಟಿನ್‌ಐ ಬಂತು, ಫೋಟೋ ಕೊಟ್ಟರೆ ಅದೇ ಫೋಟೋ ಅಂತರ್ಜಾಲದಲ್ಲಿ ಬೇರೆಲ್ಲಿದೆ ಎಂದು ಹೇಳುವ ತಾಣ. 2009ರಲ್ಲಿ ನೋಕಿಯಾ ಒಂದು ಪ್ರಯತ್ನ ಮಾಡಿತು. 2009ರ ಡಿಸೆಂಬರ್ 7ರಂದು ಗೂಗಲ್ ಕಂಪನಿ ಗಾಗಲ್ಸ್ ಎಂಬುದನ್ನು ಆಂಡ್ರಾಯ್ಡ್ ಫೋನುಗಳಿಗೆ ತಂದಿತು. ಫೋಟೋ ತೆಗೆದರೆ ಅದು ದೂರದ ಕಂಪ್ಯೂಟರಿಗೆ ಹೋಗಿ, ಅಲ್ಲಿ ತಾಳೆ ನೋಡಿ, ಉತ್ತರ ಹಿಂದಿರುಗಿ ಬರುತ್ತಿತ್ತು. ಪುಸ್ತಕದ ರಕ್ಷಾಪುಟ, ಪ್ರಸಿದ್ಧ ಕಟ್ಟಡ, ತೈಲಚಿತ್ರ, ಕಂಪನಿಯ ಲಾಂಛನ, ವಿಸಿಟಿಂಗ್ ಕಾರ್ಡು... ಇವಕ್ಕೆಲ್ಲ ಸೈ. ಆದರೆ ಪ್ರಾಣಿ, ಗಿಡ, ಬಟ್ಟೆ, ಕುರ್ಚಿ ಮೇಜು ಇವಕ್ಕೆ ಅಷ್ಟು ಒಗ್ಗುವುದಿಲ್ಲ ಎಂದು ಗೂಗಲ್ಲೇ ಹೇಳಿಕೊಂಡಿತ್ತು. ಮುಖ ಗುರುತಿಸುವುದನ್ನು ಬೇಕೆಂದೇ ಹೊರಗಿಟ್ಟರು. ದಾರಿಯಲ್ಲಿ ಹೋಗುವವರ ಫೋಟೋ ಹಿಡಿದು ಹೆಸರು ತಿಳಿಯುವಂತಾದರೆ ಗತಿಯೇನು ಎಂಬ ಭಯ ಅವರಿಗೂ ಇತ್ತು.

ಗಿಡ ಏಕೆ ಒಗ್ಗಲಿಲ್ಲ? ಉತ್ತರ ಸುಲಭ. ತಾಜ್‌ಮಹಲ್ ಜಗತ್ತಿಗೆ ಒಂದೇ. ಒಂದು ಪುಸ್ತಕದ ರಕ್ಷಾಪುಟ ಸಾವಿರ ಪ್ರತಿಯಲ್ಲೂ ಒಂದೇ. 'ಅದೇ ವಸ್ತು' ಇದ್ದರೆ ಜಾತಕ ಕೂಡಿಬರುತ್ತದೆ. ಎಲೆಯ ವಿಷಯ ಹಾಗಲ್ಲ. ಒಂದೇ ಗಿಡದ ಎರಡು ಎಲೆಯೂ ಒಂದೇ ಅಲ್ಲ. ಇಲ್ಲಿ ಬೇಕಾದದ್ದು 'ಅದೇ' ಅಲ್ಲ, 'ಅದೇ ಜಾತಿ'.

ಆ ಕಾಲದಲ್ಲಿ ಜಾಣತನದಿಂದ ಅಡ್ಡದಾರಿ ಹಿಡಿದವರೂ ಇದ್ದರು. 2008ರ ಕೊನೆಯಲ್ಲಿ ಅಮೆಜಾನ್ ಐಫೋನಿಗೆ ಒಂದು ಸೌಲಭ್ಯ ಕೊಟ್ಟಿತು: ಯಾವುದಾದರೂ ವಸ್ತುವಿನ ಫೋಟೋ ಕಳಿಸಿದರೆ ಅಂಥದ್ದನ್ನು ಅಂಗಡಿಯಲ್ಲಿ ಹುಡುಕಿ ತೋರಿಸುವುದು. ಯಂತ್ರ ಅಂದುಕೊಂಡಿರಾ? ಅಲ್ಲ ಸ್ವಾಮಿ. ಆ ಫೋಟೋ ಮೆಕ್ಯಾನಿಕಲ್ ಟರ್ಕ್ ಎಂಬ ವ್ಯವಸ್ಥೆಯ ಮೂಲಕ ಎಲ್ಲೋ ಕೂತ ಮನುಷ್ಯರ ಮುಂದೆ ಹೋಗುತ್ತಿತ್ತು. ಅವರು ಕಣ್ಣಲ್ಲಿ ನೋಡಿ ಹುಡುಕಿ ಕೊಟ್ಟು ಕೆಲವು ಸೆಂಟು ಸಂಪಾದಿಸುತ್ತಿದ್ದರು. ಎಲೆಗಳಿಗೆಂದೇ 2011ರಲ್ಲಿ ಲೀಫ್‌ಸ್ನ್ಯಾಪ್ ಬಂತು. ಕೊಲಂಬಿಯಾ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳು ಸ್ಮಿತ್‌ಸೋನಿಯನ್ ಸಂಸ್ಥೆಯ ಜೊತೆ ಸೇರಿ ಮಾಡಿದ್ದು. ಎಲೆಯನ್ನು ಬಿಳಿ ಹಾಳೆಯ ಮೇಲಿಟ್ಟು ಫೋಟೋ ತೆಗೆದರೆ ಅಂಚಿನ ವಕ್ರಗಳನ್ನು ಅಳೆದು ಮರದ ಹೆಸರು ಸೂಚಿಸುತ್ತಿತ್ತು. ಆದರೆ ಅದಕ್ಕೆ ಗೊತ್ತಿದ್ದದ್ದು ಅಮೆರಿಕದ ಈಶಾನ್ಯ ಭಾಗದ ಮರಗಳು ಮಾತ್ರ.

ದೊಡ್ಡ ತಿರುವು ಬಂದದ್ದು 2012ರಲ್ಲಿ. ಅದರ ಬೇರು ಹಳೆಯದು. ಹ್ಯೂಬೆಲ್ ಮತ್ತು ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು 1959ರಲ್ಲೇ ಬೆಕ್ಕಿನ ಮಿದುಳಿನಲ್ಲಿ ಒಂದು ವಿಚಿತ್ರ ಕಂಡಿದ್ದರು. ಒಂದೊಂದು ನರಕೋಶ ಒಂದೊಂದು ಓರೆಯ ಗೆರೆಗೆ ಮಾತ್ರ ಮಿಡಿಯುತ್ತದೆ. ಅದಕ್ಕೆ 1981ರಲ್ಲಿ ನೊಬೆಲ್ ಬಂತು. ಅದನ್ನು ನೋಡಿ ಜಪಾನಿನ ಕುನಿಹಿಕೊ ಫುಕುಶಿಮಾ 1980ರಲ್ಲಿ ಪದರ ಪದರವಾದ ಒಂದು ಜಾಲ ಕಟ್ಟಿದ. 1989ರಲ್ಲಿ ಬೆಲ್ ಲ್ಯಾಬ್ಸ್‌ನ ಯಾನ್ ಲೆಕನ್ ಅಂಥ ಜಾಲಕ್ಕೆ ಕೈಬರಹದ ಪಿನ್‌ಕೋಡ್ ಅಂಕಿಗಳನ್ನು ಓದಲು ಕಲಿಸಿದ. ಆಮೇಲೆ ಅಮೆರಿಕದ ಬ್ಯಾಂಕುಗಳ ಚೆಕ್ಕುಗಳನ್ನೂ ಅವು ಓದಿದವು.

ಈ ಜಾಲಗಳಲ್ಲಿ ಯಾವ ಗುರುತು ಹಿಡಿಯಬೇಕೆಂದು ಮನುಷ್ಯ ಹೇಳಿಕೊಡುವುದಿಲ್ಲ. ಉದಾಹರಣೆ ತೋರಿಸುತ್ತಾ ಹೋಗಬೇಕು. ತಪ್ಪು ಉತ್ತರ ಬಂದಾಗಲೆಲ್ಲ ಒಳಗಿನ ಅಂಕಿಗಳನ್ನು ತುಸು ತುಸು ತಿದ್ದಬೇಕು. ಕ್ರಮೇಣ ಮೊದಲ ಪದರ ಗೆರೆ ಹಿಡಿಯಲು ಕಲಿಯುತ್ತದೆ, ಮುಂದಿನದು ಗೆರೆಗಳಿಂದಾದ ಮೂಲೆ ಮತ್ತು ನೇಯ್ಗೆ, ಅದರ ಮುಂದಿನದು ಕಣ್ಣು, ಚಕ್ರ, ಎಲೆಯ ನರ. ಇದಕ್ಕೆ ಬೇಕಾದದ್ದು ಎರಡು: ಭಾರೀ ಸಂಖ್ಯೆಯ ಉದಾಹರಣೆ, ಭಾರೀ ಲೆಕ್ಕದ ಶಕ್ತಿ.

ಉದಾಹರಣೆ ಒದಗಿಸಿದವಳು ಫೇಯ್-ಫೇಯ್ ಲೀ. ಅವಳ ಮುಂದಾಳುತನದಲ್ಲಿ 2009ರಲ್ಲಿ ಇಮೇಜ್‌ನೆಟ್ ಎಂಬ ಚಿತ್ರಭಂಡಾರ ಹೊರಬಂತು. ಬೆಳೆದು ನಿಂತಾಗ ಅದರಲ್ಲಿ 1 ಕೋಟಿ 40 ಲಕ್ಷ ಚಿತ್ರ, 20 ಸಾವಿರಕ್ಕೂ ಹೆಚ್ಚು ವರ್ಗ. ಅಷ್ಟು ಚಿತ್ರಗಳಿಗೆ ಹೆಸರು ಹಚ್ಚಿದವರು ಯಾರು? ಮತ್ತೆ ಅದೇ ಮೆಕ್ಯಾನಿಕಲ್ ಟರ್ಕಿನ ಮಂದಿ. 167 ದೇಶಗಳ ಸುಮಾರು 49 ಸಾವಿರ ಜನ. ಆ ಟರ್ಕಿನಲ್ಲಿ ದುಡಿಯುತ್ತಿದ್ದವರಲ್ಲಿ ಭಾರತೀಯರೂ ಬಹಳ ಇದ್ದರು.

ಲೆಕ್ಕದ ಶಕ್ತಿ ಬಂದದ್ದು ಹುಡುಗರ ವಿಡಿಯೋ ಆಟದಿಂದ! ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್ ಮತ್ತು ಅವರ ಗುರು ಜೆಫ್ರಿ ಹಿಂಟನ್ ಆಟದ ಕಾರ್ಡು ಎರಡನ್ನು ಇಟ್ಟುಕೊಂಡು ಐದಾರು ದಿನ ಜಾಲಕ್ಕೆ 12 ಲಕ್ಷ ಚಿತ್ರಗಳ ಪಾಠ ಹೇಳಿಸಿದರು. 2012ರ ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಐದು ಊಹೆಗೆ ಅವಕಾಶ ಕೊಟ್ಟರೆ ತಪ್ಪುವ ಪ್ರಮಾಣ ಎರಡನೇ ಸ್ಥಾನದವರಿಗೆ ಶೇ. 26.2, ಇವರಿಗೆ ಶೇ. 15.3. 2015ರ ಹೊತ್ತಿಗೆ ಅದು ಶೇ. 3.57ಕ್ಕೆ ಇಳಿಯಿತು. ಪ್ಯಾಪರ್ಟ್ ಕಂಡ ಕನಸು ಅಲ್ಲಿಗೆ ಒಂದು ದಡ ಸೇರಿತು.

ಮುಂದಿನದು ನಿಮಗೆ ಗೊತ್ತೇ ಇದೆ. 2017ರಲ್ಲಿ ಪಿಂಟರೆಸ್ಟ್ ಮತ್ತು ಗೂಗಲ್ ತಮ್ಮ ತಮ್ಮ ಲೆನ್ಸ್‌ಗಳನ್ನು ತಂದವು. ಕುರುಡರಿಗಾಗಿ ಎದುರಿಗಿರುವುದನ್ನು ಓದಿ ಹೇಳುವ ಸೀಯಿಂಗ್ ಎಐ ಎಂಬುದನ್ನು ಮೈಕ್ರೋಸಾಫ್ಟ್ ಕೊಟ್ಟದ್ದೂ ಆ ವರ್ಷವೇ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ಸಂಗತಿ ಅದು. ಗಾಗಲ್ಸ್ 2018ರಲ್ಲಿ ಕಣ್ಣು ಮುಚ್ಚಿತು. ನಮ್ಮ ಕನ್ನಡದ ಅಕ್ಷರ ಓದಿಸುವುದಕ್ಕೂ ಬಹಳ ಜನ ಬೆವರು ಸುರಿಸಿದ್ದಾರೆ. ಒತ್ತು, ಗುಡಿಸು, ಕೊಂಬು ಎಲ್ಲ ಮೇಲೆ ಕೆಳಗೆ ಪಕ್ಕಕ್ಕೆ ಅಂಟಿಕೊಳ್ಳುವ ಲಿಪಿ ನಮ್ಮದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಲಿಪಿಗೆಂದೇ ಲಿಪಿಜ್ಞಾನಿ ಎಂಬ ತಂತ್ರಾಂಶ ಮಾಡಿದೆ.

ಈಗ ಎಲೆಗೆ ಬರೋಣ.

ಈಗಿನ ಫೋನು ನಿಮ್ಮ ಫೋಟೋವನ್ನು ಜಾಲದೊಳಗೆ ಹಾಯಿಸಿ ಕೆಲವು ನೂರು ಅಂಕಿಗಳ ಒಂದು ಸಾಲನ್ನಾಗಿ ಮಾಡುತ್ತದೆ. ಆ ಸಾಲು ಒಂದು ದೊಡ್ಡ ಬಯಲಿನಲ್ಲಿ ಒಂದು ಬಿಂದು ಇದ್ದ ಹಾಗೆ. ಒಂದೇ ತೆರನ ವಸ್ತುಗಳ ಬಿಂದುಗಳು ಹತ್ತಿರ ಹತ್ತಿರ ಇರುತ್ತವೆ. ನಿಮ್ಮ ಬಿಂದುವಿಗೆ ಯಾರು ಹತ್ತಿರವೋ ಅವರ ಹೆಸರನ್ನು ಅದು ಹೇಳುತ್ತದೆ. ಅಂದರೆ ಅದು ಹೇಳುವುದು "ಇದು ಇಂಥದ್ದು" ಎಂದಲ್ಲ, "ನಾನು ಈವರೆಗೆ ನೋಡಿದ್ದರಲ್ಲಿ ಇದು ಇದಕ್ಕೆ ಹೆಚ್ಚು ಹತ್ತಿರ" ಎಂದು. ಎರಡಕ್ಕೂ ಇರುವ ಅಂತರದಲ್ಲಿ ಒಂದು ಆಸ್ಪತ್ರೆ ಹಿಡಿಸುತ್ತದೆ.

ನೋಡಿದ್ದು ಏನೇನು ಎಂಬುದೂ ಮುಖ್ಯ. ಇಮೇಜ್‌ನೆಟ್‌ನ ಚಿತ್ರಗಳಲ್ಲಿ ಶೇ. 45ಕ್ಕೂ ಹೆಚ್ಚು ಅಮೆರಿಕ ಒಂದರಿಂದಲೇ ಬಂದವು. ಭಾರತ ಮತ್ತು ಚೀನಾ ಎರಡೂ ಸೇರಿ ಸುಮಾರು ಶೇ. 3. ಫೇಸ್‌ಬುಕ್‌ನ ಸಂಶೋಧಕರು 2019ರಲ್ಲಿ ಬೇರೆ ಬೇರೆ ದೇಶಗಳ ಮನೆವಾರ್ತೆ ಸಾಮಾನುಗಳ ಫೋಟೋಗಳನ್ನು ಹೆಸರಾಂತ ಕಂಪನಿಗಳ ಯಂತ್ರಗಳಿಗೆ ತೋರಿಸಿದರು. ನೇಪಾಳದ ಮನೆಯೊಂದರ ಸಾಬೂನನ್ನು ಯಂತ್ರಗಳು ತಿನ್ನುವ ಪದಾರ್ಥ ಎಂದವು. ಬ್ರಿಟನ್ನಿನ ಮನೆಯ ಸಾಬೂನು ಮಾತ್ರ ಸಾಬೂನೇ. ಬಡವರ ಮನೆಯ ಸಾಮಾನಾದಷ್ಟೂ ತಪ್ಪು ಹೆಚ್ಚು. ಯಂತ್ರಕ್ಕೆ ಬಡವರ ಮೇಲೆ ದ್ವೇಷವೇನಿಲ್ಲ. ಅವರ ಮನೆಯ ಫೋಟೋ ಅದು ನೋಡಿದ್ದೇ ಕಡಿಮೆ.

ನನ್ನ ಹೆಂಡತಿ ನೋಡಿದ್ದೇನು ಹಾಗಾದರೆ? ಆಮೇಲೆ ಕೇಳಿದೆ. ಕೆಸುವಿನ ದಂಟು ಎಲೆಯ ಕವಲಿನ ಅಂಚಿಗೆ ಬಂದು ಸೇರುವುದಿಲ್ಲವಂತೆ, ಸ್ವಲ್ಪ ಒಳಗೆ, ಬೆನ್ನಿಗೆ ಅಂಟಿಕೊಂಡಿರುತ್ತದಂತೆ. ಈ ಎಲೆಯಲ್ಲಿ ಅದು ಸರಿಯಾಗಿ ಅಂಚಿಗೇ ಇತ್ತು. ಮೊಮ್ಮಗಳು ತೆಗೆದ ಮೂರೂ ಫೋಟೋ ಎಲೆಯ ಮೇಲ್ಮೈಯದ್ದು. ಫೋನು ಎಲೆಯನ್ನು ಮಗುಚಿ ನೋಡು ಎನ್ನಲಿಲ್ಲ. ಎಲ್ಲಿಂದ ತಂದೆ ಎಂದೂ ಕೇಳಲಿಲ್ಲ. "ಅಕಸ್ಮಾತ್ ಅದು ಕೆಸುವೇ ಆಗಿದ್ದರೂ ಆ ಗಟಾರದ ನೀರಿನ ಎಲೆಯನ್ನು ನಾನು ಅಡುಗೆಮನೆಗೆ ಸೇರಿಸುತ್ತಿರಲಿಲ್ಲ" ಎಂದಳು ಇವಳು. ಅವಳಿಗೆ ಕಲಿಸಿದ್ದು ಅವಳ ಅತ್ತೆ, ಅಂದರೆ ನನ್ನ ಅಮ್ಮ. ಎಷ್ಟು ಎಲೆ ತೋರಿಸಿರಬಹುದು? ಹತ್ತೋ ಹದಿನೈದೋ. 12 ಲಕ್ಷ ಅಂತೂ ಅಲ್ಲ.

ಮರುದಿನ ಮಾರ್ಕೆಟ್ಟಿನಿಂದ ಒಳ್ಳೆಯ ಎಲೆ ತಂದು ಪತ್ರೊಡೆ ಮಾಡಿದ್ದಾಯಿತು. ಎಲೆ ಹೇಗೆ ನೋಡಬೇಕೆಂದು ಮೊಮ್ಮಗಳಿಗೆ ಅಜ್ಜಿಯ ಪಾಠವೂ ಆಯಿತು. ಹಬೆಯಾಡುವ ತಟ್ಟೆಯ ಫೋಟೋ ತೆಗೆದು ಅವಳು ಮತ್ತೆ ಫೋನಿಗೆ ಕೇಳಿದಳು. ಅದು ಸ್ವಲ್ಪವೂ ಅನುಮಾನಿಸದೆ ಅಳೂವಡಿ ಎಂದಿತು! ಪಕ್ಕದ ಮನೆಯ ಮರಾಠಿ ವಹಿನಿಗೆ ಬಹಳ ಸಂತೋಷವಾಯಿತು. "ನೋಡಿ, ಫೋನೂ ನಮ್ಮ ಕಡೆ" ಎಂದು ನಾಲ್ಕು ತುಂಡು ಹಾಕಿಸಿಕೊಂಡು ಹೋದರು. ಅಳೂವಡಿಯ ಫೋಟೋ ಲೋಕದಲ್ಲಿ ಜಾಸ್ತಿ ಇದೆ, ಪತ್ರೊಡೆಯದ್ದು ಕಡಿಮೆ. ಅಷ್ಟೇ ವಿಷಯ.

ಮೊಮ್ಮಗಳು ಬಿಡಲಿಲ್ಲ. ಆ ಫೋಟೋವನ್ನು ತನ್ನ ಆಲ್ಬಮ್ಮಿಗೆ ಹಾಕಿ ಅದರ ಕೆಳಗೆ ಕನ್ನಡದಲ್ಲಿ 'ಪತ್ರೊಡೆ' ಎಂದು ಬರೆಯಬೇಕೆಂದು ಹಟ ಹಿಡಿದಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಬರೆಯಲು ಬಾರದು. ತ-ಕಾರಕ್ಕೆ ರ-ವತ್ತು ಕೊಟ್ಟು ಒತ್ವ ಹಾಕುವುದು ಹೇಗೆಂದು ತೋರಿಸಿಕೊಟ್ಟೆ. ಮೂರನೇ ಸಲಕ್ಕೆ ಸರಿಯಾಗಿ ಬರೆದಳು.